ತೂಗುವ ಆನೆ

ನಮ್ಮ ಮೀಂಜಕ್ಕೆ ಆನೆ ಬಂದದ್ದು ಮೆರವಣಿಗೆಗಲ್ಲ, ಮರ ಎಳೆಯಲು. ನಾನಾಗ ನಾಲ್ಕನೆಯ ಕ್ಲಾಸು. 1980ರ ದಶಕ ಮುಗಿಯುತ್ತಿದ್ದ ಕಾಲ. ಪದವಿನ ಕೆಳಗೆ, ತೋಡಿನಾಚೆಯ ಗುಡ್ಡೆಯಲ್ಲಿ, ಯಾರದೋ ಮನೆಯ ಪಾಲುಪಟ್ಟಿ ಮುಗಿದು ಹಳೆಯ ಹೆಬ್ಬಲಸಿನ ಮರಗಳನ್ನು ಕಡಿದು ಹಾಕಿದ್ದರು. ಲಾರಿ ಇಳಿಯುವ ದಾರಿ ಇಲ್ಲ. ಮರದ ವ್ಯಾಪಾರಿ ತೆಂಕಿನಿಂದ ಆನೆ ತರಿಸಿದ. ಆ ಎರಡು ದಿನ ಶಾಲೆಯಲ್ಲಿ ಪಾಠವಾದ ನೆನಪು ನನಗಿಲ್ಲ.

ಮಧ್ಯಾಹ್ನ ಕೆಲಸ ನಿಲ್ಲಿಸಿ ಹಲಸಿನ ಮರದ ಬುಡಕ್ಕೆ ಕಟ್ಟಿದರೆ ಆನೆ ತೂಗತೊಡಗುತ್ತಿತ್ತು. ಮೈಯೆಲ್ಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ; ಜತೆಗೆ ತಲೆ ಮೇಲೆ, ಕೆಳಗೆ. ಎದುರಿಗೆ ಹಾಕಿದ ಬೈನೆಯ ಮಡಲನ್ನು ಮುರಿದು ತಿನ್ನುವಷ್ಟು ಹೊತ್ತು ನಿಲ್ಲುವುದು, ಮತ್ತೆ ಸುರು. ಆಟದ ಬಯಲಿನಲ್ಲಿ ಬಾಲಗೋಪಾಲರ ಕುಣಿತ ನೋಡಿ ಬಲ್ಲ ನಮಗೆ ಅದೂ ಕುಣಿತವೇ. ಕೈ ತಟ್ಟಿ ತಾಳ ಹಾಕಿದೆವು. ಆನೆ ನಮ್ಮ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆಂದು ನಮ್ಮ ಹೆಮ್ಮೆ. ನಾವೇ ಅದರ ತಾಳಕ್ಕೆ ಕೈ ತಟ್ಟುತ್ತಿದ್ದೆವೆಂದು ಆಗ ಹೊಳೆದಿರಲಿಲ್ಲ.

ಬದಿಯಲ್ಲಿ ಬೀಡಿ ಸೇದುತ್ತ ಕೂತಿದ್ದ ಮಾವುತ ವಯಸ್ಸಾದ ಮಾಪಿಳ್ಳೆ. "ಕಾಕಾ, ಇದಕ್ಕೆ ಕುಣಿಯಲು ಕಲಿಸಿದ್ದು ಯಾರು?" ಎಂದು ನಮ್ಮಲ್ಲಿ ಧೈರ್ಯದವನೊಬ್ಬ ಕೇಳಿದ. ಅವರು ನಗಲಿಲ್ಲ. "ಕಳಿಯಲ್ಲ ಮೋನೇ, ನಿನ್ನೇಡತ್ತ್ ನಿನ್ನ್ ನಡಕ್ಕುಗಯಾಣ್" ಎಂದರು. ಆಟವಲ್ಲ ಮಗ, ನಿಂತಲ್ಲೇ ನಿಂತು ನಡೆಯುತ್ತಿದೆ.

ಈ ಮಾತು ಮೂವತ್ತೈದು ವರ್ಷಗಳಿಂದ ನನ್ನ ಜತೆಗಿದೆ. ದುಡಿಯುವ ಆನೆಯ ನಡವಳಿಕೆಯನ್ನು ಗಂಟೆಗಟ್ಟಲೆ ನೋಡಿ, ಬರೆದಿಟ್ಟು, ಅಂಕ ಹಾಕಿ, ಅದು ಸುಖವಾಗಿದೆಯೋ ಇಲ್ಲವೋ ಎಂದು ಅಳೆಯುವುದು ಈಗ ವಿಶ್ವವಿದ್ಯಾಲಯಗಳಲ್ಲಿ ಒಂದು ವಿದ್ಯೆ. ಅದರ ಲೇಖನಗಳನ್ನು ಓದುವಾಗಲೆಲ್ಲ ನನಗೆ ಆ ಕಾಕನ ನೆನಪು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ನಾಲ್ಕಕ್ಕೆ ಎದ್ದು ತೋಟಿ ಹಿಡಿದು ಆನೆಯನ್ನು ಮತ್ತೆ ಗುಡ್ಡೆಗೆ ಹತ್ತಿಸಿದರು. ಆನೆಯನ್ನು ನೋಡಿ ತಿಳಿಯುವ ವಿದ್ಯೆ ನಮ್ಮಲ್ಲಿ ಎಷ್ಟು ಹಳೆಯದು, ಯಾರು ಯಾರಿಗಾಗಿ ನೋಡಿದರು ಎಂಬುದನ್ನು ತಿಳಿದ ಮಟ್ಟಿಗೆ ಬರೆಯಬೇಕೆಂದು ಬಹಳ ದಿನಗಳಿಂದ ಇತ್ತು. ನಾನು ಇತಿಹಾಸಕಾರನಲ್ಲ, ಬಿ.ಎ.ಗೆ ಇತಿಹಾಸ ಓದಿದ ಬ್ಯಾಂಕ್ ಗುಮಾಸ್ತ. ಆದರೆ ಮಂಜೇಶ್ವರದ ಗೋವಿಂದ ಪೈಗಳ ನೆರೆಯೂರಿನವನಾದ್ದರಿಂದ ಇಸವಿ ತಪ್ಪಿ ಬರೆಯಲು ಹೆದರಿಕೆ ಮಾತ್ರ ಇದೆ.

ಮೊದಲು ನಮ್ಮ ಕೌಂಟರಿನ ಒಂದು ಸಂಗತಿ. ಹಸುವಿಗೆ ಸಾಲ ಕೊಡುವಾಗ ಪಶುವೈದ್ಯರ ಸರ್ಟಿಫಿಕೇಟು ಬೇಕು, ಕಿವಿಗೆ ಬಿಲ್ಲೆ ಬೇಕು, ವಿಮೆ ಬೇಕು. ಆ ಸರ್ಟಿಫಿಕೇಟಿನಲ್ಲಿ ಹಸುವಿನ ಬಣ್ಣವಿದೆ, ಕೊಂಬಿನ ಆಕಾರವಿದೆ, ಕರೆಯುವ ಹಾಲಿನ ಲೀಟರು ಇದೆ, ಬೆಲೆ ಇದೆ. ಎಷ್ಟೋ ನೂರು ಸರ್ಟಿಫಿಕೇಟು ಫೈಲಿಗೆ ಸೇರಿಸಿದ್ದೇನೆ. ಹಸು ಹೇಗಿದೆ ಎಂದು ಬರೆಯುವ ಕಾಲಂ ಅದರಲ್ಲಿ ಕಂಡದ್ದಿಲ್ಲ. ಬ್ಯಾಂಕಿಗೆ ಅದು ಬೇಡ; ಹಸು ಸಾಲ ತೀರುವವರೆಗೆ ಬದುಕಿದ್ದರೆ ಸಾಕು. ಆನೆಯ ಚರಿತ್ರೆ ಓದುವಾಗ ಈ ಸರ್ಟಿಫಿಕೇಟು ನನ್ನ ಕಣ್ಣ ಮುಂದೆ ಬರುತ್ತಲೇ ಇತ್ತು.

ಆನೆಯ ಸ್ಥಿತಿಗತಿಯ ಹಳೆಯ ದಾಖಲೆ ಹುಡುಕಿದರೆ ನಾವು ಹೋಗಿ ನಿಲ್ಲುವುದು ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಎರಡನೆಯ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷನ ಕೆಲಸದ ವಿವರವಿದೆ. ಆನೆಗೆ ದಿನಕ್ಕೆ ಎರಡು ಸ್ನಾನ, ಸ್ನಾನದ ನಂತರ ಆಹಾರ, ಪೂರ್ವಾಹ್ನ ವ್ಯಾಯಾಮ, ರಾತ್ರಿಯ ಮೂರು ಪಾಲಿನಲ್ಲಿ ಎರಡು ಪಾಲು ನಿದ್ರೆ, ಉಳಿದ ಪಾಲು ಮಲಗಿ ಏಳಲು. ಇಪ್ಪತ್ತು ವರ್ಷದ ಆನೆಯನ್ನು ಹಿಡಿಯಬೇಕು. ಮರಿಯನ್ನು, ರೋಗಿಯನ್ನು, ಗಬ್ಬದ ಹೆಣ್ಣನ್ನು, ಮೊಲೆಯೂಡುವ ತಾಯಿಯನ್ನು ಹಿಡಿಯಬಾರದು.

ಅಲ್ಲಿಯೇ ಆನೆಯ ಮೈಗೆ ಏಳು ಮೆಟ್ಟಿಲಿನ ಒಂದು ಲೆಕ್ಕವಿದೆ. ಗ್ರಂಥ ಅದನ್ನು ಶೋಭೆ ಎನ್ನುತ್ತದೆ. ಕೆಳಗಿನ ಮೆಟ್ಟಿಲು, ಎಲುಬು ಚರ್ಮವಾಗಿದ್ದ ಆನೆಗೆ ರಕ್ತ ತುಂಬಿಕೊಳ್ಳತೊಡಗಿದ ಸ್ಥಿತಿ. ಬಳಿಕ ಮಾಂಸ ಮುಚ್ಚಿಕೊಳ್ಳುವುದು, ಪಕ್ಕೆ ನಯವಾಗುವುದು, ಹೀಗೆ ಏರುತ್ತ ಕೊನೆಗೆ ಬೆನ್ನೆಲುಬಿನ ಎರಡು ಬದಿ ತುಂಬಿ ನಡುವೆ ದೋಣಿಯಂತೆ ತಗ್ಗು ಮೂಡಿದ ಜಾತದ್ರೋಣಿಕೆ. ಯಾವ ಮೆಟ್ಟಿಲಿನಲ್ಲಿದೆಯೋ ಅದಕ್ಕೆ ತಕ್ಕಂತೆ ಕೆಲಸ ಕೊಡಬೇಕು ಎಂದು ವಿಧಿ. ಇದನ್ನು ಓದಿದ ಮೇಲೆ 2006ರ ಒಂದು ಲೇಖನ ನೋಡಿ ಬೆರಗಾದೆ. ಅಮೆರಿಕದ ಕ್ರಿಸ್ಟನ್ ವೆಮ್ಮರ್, ಮುದುಮಲೆಯ ಆನೆ ವೈದ್ಯರೆಂದು ಹೆಸರಾದ ವಿ. ಕೃಷ್ಣಮೂರ್ತಿ ಮತ್ತಿತರರು ಕೂಡಿ ಮಾಡಿದ ಪಟ್ಟಿ ಅದು: ಕೆನ್ನೆಯ ಮೇಲಿನ ಗುಳಿ, ಭುಜದ ಮೂಳೆ, ಪಕ್ಕೆಲುಬು, ಬೆನ್ನೆಲುಬು ಮೊದಲಾದ ಆರು ಕಡೆ ಕಣ್ಣಿನಿಂದಲೇ ನೋಡಿ ಅಂಕ ಹಾಕುವುದು, ಒಟ್ಟು ಹನ್ನೊಂದು. ತಕ್ಕಡಿ ಬೇಡ, ಸೂಜಿ ಬೇಡ. ಏಳು ಮೆಟ್ಟಿಲು ಹನ್ನೊಂದಾಗಲು ಎರಡು ಸಾವಿರ ವರ್ಷ.

ಕೌಟಿಲ್ಯನಲ್ಲಿ ನನಗೆ ಇನ್ನೂ ಹಿಡಿಸಿದ್ದು ದಂಡದ ಪಟ್ಟಿ. ಲಾಯ ಕೊಳಕಾಗಿದ್ದರೆ, ಮೇವು ಹಾಕದಿದ್ದರೆ, ಬರಿಯ ನೆಲದಲ್ಲಿ ಮಲಗಿಸಿದರೆ, ಹೊಡೆಯಬಾರದ ಕಡೆ ಹೊಡೆದರೆ, ಹೊತ್ತಲ್ಲದ ಹೊತ್ತಿನಲ್ಲಿ ನಡೆಸಿದರೆ, ಕಡವು ಇಲ್ಲದಲ್ಲಿ ನೀರಿಗಿಳಿಸಿದರೆ ದಂಡ. ಅದನ್ನು ಆಳಿನ ಅನ್ನ ಮತ್ತು ಸಂಬಳದಿಂದ ಕಡಿಯಬೇಕು. ಬ್ಯಾಂಕಿನಲ್ಲಿರುವವನಿಗೆ ಇದು ಬೇಗ ಅರ್ಥವಾಗುತ್ತದೆ. ಲೆಕ್ಕ ತಪ್ಪಿದರೆ ಮೊದಲು ಸಿಕ್ಕಿಬೀಳುವವನು ಕೌಂಟರಿನಲ್ಲಿ ಕೂತವನು. ಆನೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಯುದ್ಧಕ್ಕೆ ಒಯ್ಯಲು ಹೇಳಿದ ಅರಸನಿಗೆ ದಂಡ ಆ ಪಟ್ಟಿಯಲ್ಲಿಲ್ಲ.

ಕನ್ನಡನಾಡಿನ ಅರಸರೂ ಆನೆಯ ಬಗ್ಗೆ ಕಡಿಮೆ ಬರೆದವರಲ್ಲ. ಎಂಟನೆಯ ಶತಮಾನದ ಗಂಗ ಶ್ರೀಪುರುಷನ ಹೆಸರಿನಲ್ಲಿ ಸಂಸ್ಕೃತದ ಗಜಶಾಸ್ತ್ರವಿದೆ. ಅವನ ಮಗ ಶಿವಮಾರ ಕನ್ನಡದಲ್ಲೇ ಗಜಾಷ್ಟಕ ಬರೆದನೆಂದು ಪ್ರಸಿದ್ಧಿ, ಕೃತಿ ಮಾತ್ರ ಉಳಿದಿಲ್ಲ. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, 1709ರಲ್ಲಿ ಕೆಳದಿ ಬಸವಪ್ಪ ನಾಯಕ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಆನೆಯ ವಿಷಯ ಸಾಕಷ್ಟಿದೆ. ಕೆಳದಿಯವರೆಂದರೆ ನಮಗೆ ಹೊರಗಿನವರಲ್ಲ, ಬೇಕಲದ ಕೋಟೆ ಅವರದು. ಅತ್ತ ಮಲಯಾಳದ ತಿರುಮಂಗಲತ್ತ್ ನೀಲಕಂಠ ಮೂಸತರ ಮಾತಂಗಲೀಲೆಯನ್ನು ಟಿ. ಗಣಪತಿ ಶಾಸ್ತ್ರಿಗಳು 1910ರಲ್ಲಿ ತಿರುವನಂತಪುರದಿಂದ ಪ್ರಕಟಿಸಿದರು. ಅಮೆರಿಕದ ಎಡ್ಜರ್ಟನ್ 1931ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಮೈಸೂರಿನ ಅರ್ಥಶಾಸ್ತ್ರ, ಅನಂತಪುರಿಯ ಮಾತಂಗಲೀಲೆ, ಎರಡೂ ಅಚ್ಚಾದದ್ದು ಒಂದೇ ವರ್ಷದ ಅಂತರದಲ್ಲಿ. ನಡುವೆ ಇರುವ ನಾವು ಎರಡನ್ನೂ ನಮ್ಮದೆನ್ನಬಹುದು.

ಈ ಗ್ರಂಥಗಳಲ್ಲಿ ಹೆಚ್ಚಿನ ಭಾಗ ಲಕ್ಷಣ. ಉಗುರು ಹದಿನೆಂಟೋ ಇಪ್ಪತ್ತೋ ಇರಬೇಕು, ಸೊಂಡಿಲು ನೆಲ ಮುಟ್ಟಬೇಕು, ಕಿವಿ ಅಗಲವಾಗಿರಬೇಕು. ಲಕ್ಷಣ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ದಾರಿ. ಹುಡುಗಿ ಲಕ್ಷಣವಾಗಿದ್ದಾಳೆ ಎಂದರೆ ಚೆಲುವು. ಜ್ವರದ ಲಕ್ಷಣ ಎಂದರೆ ಒಳಗಿನ ಕೇಡು ಹೊರಗೆ ಕಾಣುವ ಗುರುತು. ಗಜಲಕ್ಷಣ ಬರೆದವರು ಬಹುಪಾಲು ಮೊದಲನೆಯ ದಾರಿಯಲ್ಲಿ ಹೋದರು. ಅದು ಆನೆಯ ಬೆಲೆಯ ಪಟ್ಟಿ, ಒಡೆಯನ ಭಾಗ್ಯದ ಪಟ್ಟಿ. ಇಂದಿಗೂ ಕೇರಳದ ಉತ್ಸವಗಳಲ್ಲಿ ತಲಪೊಕ್ಕದ ಪೈಪೋಟಿ ನಡೆಯುವಲ್ಲಿ ಜನ ನೋಡುವುದು ಈ ಲಕ್ಷಣವನ್ನು. ಎತ್ತಿದ ತಲೆ ಚಂದ. ತಲೆ ಇಳಿಸಿದರೆ ಮಗ್ಗುಲಲ್ಲಿ ಕೋಲು ಕಾದಿದೆ ಎಂಬುದು ಚಂದದ ಲೆಕ್ಕದಲ್ಲಿ ಬರುವುದಿಲ್ಲ.

ಎರಡನೆಯ ದಾರಿಯೂ ಅವರಿಗೆ ಗೊತ್ತಿತ್ತು ಎಂಬುದೇ ವಿಶೇಷ. ಮಾತಂಗಲೀಲೆಯಲ್ಲಿ, ಹೊಸದಾಗಿ ಹಿಡಿದ ಆನೆ ಕಟ್ಟು, ಪೆಟ್ಟು, ಗದರಿಕೆಗಳಲ್ಲಿ ಬೇಯುತ್ತ, ಕಾಡಿನಲ್ಲಿ ಆಡಿದ ಸುಖವನ್ನು ನೆನೆಯುತ್ತ ಕೆಲವೇ ದಿನಗಳಲ್ಲಿ ಸಾವಿನ ಬಾಗಿಲಿಗೆ ಬರುತ್ತದೆ ಎಂಬ ವರ್ಣನೆಯಿದೆ. ಇದು ಕಣ್ಣಾರೆ ಕಂಡವರ ಮಾತು. ಇನ್ನು ಅಂಕುಶಕ್ಕೆ ಆನೆ ತೋರುವ ಪ್ರತಿಕ್ರಿಯೆಯಿಂದ ಮಾಡಿದ ವಿಂಗಡಣೆ. ಅದರಲ್ಲಿ ಗಂಭೀರವೇದಿ ಎಂಬುದೊಂದು ಬಗೆ: ಚರ್ಮ ಸೀಳಿ, ರಕ್ತ ಸುರಿದು, ಮಾಂಸ ಕಿತ್ತರೂ ಅಲುಗದ ಆನೆ. ಶಾಸ್ತ್ರಕಾರ ಅದನ್ನು ಸ್ವಭಾವ ಎಂದ. ನನಗೆ ಆ ಹೆಸರು ಓದಿದಾಗಿನಿಂದ ಒಂದು ಸಂಶಯ. ಅದು ಹುಟ್ಟಿನಿಂದ ಬಂದ ಸ್ವಭಾವವೇ, ಅಥವಾ ಅಲುಗಿ ಪ್ರಯೋಜನವಿಲ್ಲವೆಂದು ಕಲಿತ ಆನೆಯೇ? ಉತ್ತರದ ತುಣುಕೊಂದು ಮುಂದೆ ಬರುತ್ತದೆ.

ಇಂಗ್ಲಿಷರು ಬಂದ ಮೇಲೆ ಆನೆ ಸೇನೆಯ ಸಾಮಾನು ಹೊರುವ ಪ್ರಾಣಿಯಾಯಿತು, ಬಳಿಕ ತೇಗ ಎಳೆಯುವ ಪ್ರಾಣಿ. ನಮ್ಮ ದಕ್ಷಿಣ ಕನ್ನಡ ಆಗ ಮದರಾಸಿನ ಕೆಳಗೆ. 1873ರಲ್ಲಿ ಮದರಾಸು ಸರಕಾರ ಕಾಡಾನೆಯನ್ನು ಕೊಲ್ಲದಂತೆ ಕಾನೂನು ಮಾಡಿತು. ದಯೆ ಇರಲಿಲ್ಲವೆನ್ನಲಾರೆ, ಆದರೆ ಆನೆ ಸರಕಾರಕ್ಕೆ ಬೇಕಾದ ಎತ್ತು ಎಂಬುದೂ ಇತ್ತು. ಅದೇ ಹೊತ್ತಿಗೆ ಮೈಸೂರಿನ ಕಾಲುವೆ ಇಲಾಖೆಯಲ್ಲಿದ್ದ ಸ್ಯಾಂಡರ್ಸನ್ ಎಂಬವನು ಚಾಮರಾಜನಗರದ ಬದಿಯಲ್ಲಿ ಖೆಡ್ಡಾ ಆರಂಭಿಸಿ 1874ರಲ್ಲಿ ಐವತ್ತಕ್ಕೂ ಮಿಕ್ಕಿದ ಹಿಂಡನ್ನು ಹಿಡಿದ. ಅದಕ್ಕೆ ಮೊದಲು ಹೈದರಾಲಿ ಯತ್ನಿಸಿ ಸೋತು, ಇನ್ನು ಯಾರಿಂದಲೂ ಆಗದೆಂದು ಶಾಪ ಹಾಕಿ ಕಲ್ಲು ನೆಡಿಸಿದ್ದ ಎಂದು ಸ್ಯಾಂಡರ್ಸನ್ನೇ 1878ರ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. ಕಾಕನಕೋಟೆಯ ಖೆಡ್ಡಾ ಕೊನೆಯ ಸಲ ನಡೆದದ್ದು 1971ರಲ್ಲಿ. ಆ ಜಾಗವನ್ನು ಆಮೇಲೆ ಕಬಿನಿಯ ಹಿನ್ನೀರು ನುಂಗಿತು.

ಸ್ಯಾಂಡರ್ಸನ್ ನೋಡಬಲ್ಲವನು. ಆನೆಯ ಬುದ್ಧಿಯ ಬಗ್ಗೆ ಜನ ಹೇಳುವ ಕತೆಗಳನ್ನು ಅವನು ನಂಬಲಿಲ್ಲ. ಅದರ ದೊಡ್ಡ ಗುಣ ವಿಧೇಯತೆ, ಸೌಮ್ಯತೆ, ತಾಳ್ಮೆ ಎಂದ. ಆನೆಗಳನ್ನು ಕುಮೇರಿಯಾ, ದ್ವಾಸಲಾ, ಮೀರ್ಗಾ ಎಂದು ಮೂರು ಜಾತಿಯಾಗಿ ವಿಂಗಡಿಸಿ ಬರೆದ. ಮೀರ್ಗಾ ಎಂದರೆ ಶಾಸ್ತ್ರದ ಮೃಗವೇ. ಭದ್ರ, ಮಂದ, ಮೃಗ ಎಂಬ ಹಳೆಯ ಪಟ್ಟಿ ಮಾವುತರ ಬಾಯಿಂದ ಬಾಯಿಗೆ ಬಂದು ಇಂಗ್ಲಿಷು ಪುಸ್ತಕ ಸೇರಿತು.

1885ರಲ್ಲಿ ಮದರಾಸಿನಿಂದ ಸ್ಟೀಲ್ ಎಂಬ ಪಶುವೈದ್ಯನ ಕೈಪಿಡಿ ಬಂತು, 1910ರಲ್ಲಿ ರಂಗೂನಿನಿಂದ ಇವಾನ್ಸನದು. ಆ ಕಾಲದ ಇಂಥ ಪುಸ್ತಕಗಳಲ್ಲಿ ಆರೋಗ್ಯದ ಆನೆಯ ಗುರುತು ಹೀಗೆ: ಕಣ್ಣು ತಿಳಿ, ಬಾಯಿಯ ಒಳಗೆ ನಸುಗೆಂಪು, ಉಗುರಿನ ಬುಡದಲ್ಲಿ ಪಸೆ, ಕಿವಿ, ಬಾಲ, ಸೊಂಡಿಲು ಸದಾ ಚಲನೆಯಲ್ಲಿ. ಅಲುಗಾಟ ನಿಂತರೆ ರೋಗ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಈ ಸದಾ ಚಲನೆಯ ಲೆಕ್ಕದೊಳಗೆ ಹಲಸಿನ ಬುಡದಲ್ಲಿ ತೂಗುತ್ತಿದ್ದ ನಮ್ಮ ಆನೆಯೂ ಸಲೀಸಾಗಿ ನುಸುಳಿಬಿಡುತ್ತದೆ. ಕಿವಿ ಬೀಸುವುದು ಸೆಕೆಗೆ, ಬಾಲ ಬೀಸುವುದು ನೊಣಕ್ಕೆ, ತೂಗುವುದು ಯಾತಕ್ಕೆ? ಕೈಪಿಡಿಗೆ ಬೇಕಾದದ್ದು ಈ ಆನೆ ನಾಳೆ ಕೆಲಸಕ್ಕೆ ಬರುತ್ತದೆಯೇ ಎಂಬುದು. ತೂಗುವ ಆನೆ ನಾಳೆಯೂ ಕೆಲಸಕ್ಕೆ ಬರುತ್ತದೆ.

ಆ ಕಾಲದ ಲೆಕ್ಕದ ಶಿಸ್ತಿನಿಂದ ಒಂದು ದೊಡ್ಡ ಉಪಕಾರವಾದದ್ದನ್ನು ಹೇಳಬೇಕು. ಬರ್ಮಾದ ಮರದ ಆನೆಗಳಿಗೆ ಒಂದೊಂದಕ್ಕೂ ಒಂದು ಪುಸ್ತಕ: ಹುಟ್ಟಿದ್ದೋ ಹಿಡಿದದ್ದೋ, ಯಾವ ವರ್ಷ, ಯಾವ ಕಾಯಿಲೆ, ಎಂದು ಸತ್ತಿತು. ನಮ್ಮ ಲೆಡ್ಜರಿನ ಹಾಗೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು ಇಂಥ 5150 ಆನೆಗಳ ದಾಖಲೆ ಕೂಡಿಸಿ 2018ರಲ್ಲಿ ಪ್ರಕಟಿಸಿದರು. ಶಿಬಿರದಲ್ಲೇ ಹುಟ್ಟಿದ ಆನೆಗಿಂತ ಕಾಡಿನಿಂದ ಹಿಡಿದ ಆನೆ ಬೇಗ ಸಾಯುತ್ತದೆ. ಹಿಡಿದ ಮೊದಲ ವರ್ಷ ಅಪಾಯ ಎಲ್ಲಕ್ಕಿಂತ ಹೆಚ್ಚು, ಆದರೆ ಅದರ ನೆರಳು ಅನೇಕ ವರ್ಷ ಉಳಿಯುತ್ತದೆ. ಮೇವು ಅದೇ, ಕೆಲಸ ಅದೇ, ವೈದ್ಯರು ಅವರೇ. ಮೂಸತರು ಕೆಲವೇ ದಿನಗಳೆಂದು ಕಂಡದ್ದು ಲೆಡ್ಜರಿನಲ್ಲಿ ವರ್ಷಗಳಾಗಿ ಕಂಡಿತು.

ಅದೇ ಬಳಗದ ಮತ್ತೊಂದು ಕೆಲಸವೂ 2018ರದೇ. 257 ಆನೆಗಳ ಬಗ್ಗೆ ಮಾವುತರನ್ನೇ ಕೂರಿಸಿ 28 ನಡವಳಿಕೆಗಳ ಪ್ರಶ್ನೆ ಕೇಳಿದರು. ಉತ್ತರಗಳನ್ನು ಗಣಿತಕ್ಕೆ ಹಾಕಿದಾಗ ಮೂರು ಗುಣಗಳು ಎದ್ದು ಬಂದವು: ಮಾತಿಗೆ ಗಮನ ಕೊಡುವುದು, ಒಡನಾಟ, ಸಿಟ್ಟು. ಭದ್ರ, ಮಂದ, ಮೃಗಗಳೂ ಮೂರೇ ಅಲ್ಲವೇ ಎಂದು ನನ್ನ ಮಿತ್ರರೊಬ್ಬರು ಹಿಗ್ಗಿದರು. ಮೂರು ಮೂರಕ್ಕೆ ಸಮ ಎಂಬುದು ಬಿಟ್ಟರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಶಾಸ್ತ್ರದ ಪುಸ್ತಕಗಳ ಹಿಂದೆ ಹೆಸರಿಲ್ಲದೆ ನಿಂತಿದ್ದ ಮಾವುತನಿಗೆ ವಿಜ್ಞಾನಿಗಳು ಕುರ್ಚಿ ಕೊಟ್ಟು ಕೇಳಿದರು.

ಇನ್ನು ತೂಗುವ ವಿಷಯ. 1965ರಲ್ಲಿ ಬ್ರಿಟನ್ನಿನಲ್ಲಿ ಬ್ರಾಂಬೆಲ್ ಸಮಿತಿಯೊಂದು ಸಾಕುಪ್ರಾಣಿಗಳ ಸ್ಥಿತಿಯ ವರದಿ ಕೊಟ್ಟಲ್ಲಿಂದ, ಪ್ರಾಣಿಯ ನಡವಳಿಕೆಯೇ ಅದರ ಸಾಕ್ಷ್ಯ ಎಂಬ ಯೋಚನೆ ಬಲವಾಯಿತು. ಗುರಿಯಿಲ್ಲದೆ, ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಮಾಡುವ ಚಲನೆಯನ್ನು ಅವರು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಗೂಡಿನ ಹುಲಿ ಅತ್ತಿತ್ತ ನಡೆಯುವುದು, ಕಟ್ಟಿದ ಆನೆ ತೂಗುವುದು ಈ ಜಾತಿಯದು. ಕಾಡಿನ ಆನೆಯಲ್ಲಿ ಇದು ಕಾಣುವುದಿಲ್ಲ. ಮೈಲುಗಟ್ಟಲೆ ನಡೆದು ಮೇಯಲು ಹುಟ್ಟಿದ ಪ್ರಾಣಿಗೆ ಸರಪಣಿಯ ಅಳತೆಯ ಲೋಕ, ಒಡನಾಡಿ ಇಲ್ಲ, ಮೇವು ಹುಡುಕುವ ಕೆಲಸವಿಲ್ಲ. ನಡೆಯುವ ತುಡಿತಕ್ಕೆ ದಾರಿಯಿಲ್ಲದೆ ಅದು ನಿಂತಲ್ಲೇ ಸುತ್ತುತ್ತದೆ. ನಮ್ಮ ಕಾಕ ಹೇಳಿದ್ದು ಇದನ್ನೇ.

ಆದರೆ ಇಲ್ಲಿ ಅವಸರ ಬೇಡವೆಂದು ಆ ವಿದ್ಯೆಯವರೇ ಹೇಳುತ್ತಾರೆ. ತೂಗುವ ಆನೆ ಇಂದು ಕಷ್ಟದಲ್ಲಿದೆ ಎನ್ನಲಾಗದು. ಹಿಂದೆಂದೋ ಪಟ್ಟ ಪಾಡು ಗಾಯದ ಕಲೆಯಂತೆ ಉಳಿದು, ಒಳ್ಳೆಯ ಜಾಗಕ್ಕೆ ಬಂದ ಮೇಲೂ ತೂಗುತ್ತಿರಬಹುದು. ಮೇವು ಬರುವ ಹೊತ್ತಿಗೆ ಆತುರದಿಂದಲೂ ತೂಗಬಹುದು. ಇನ್ನೂ ಸೂಕ್ಷ್ಮದ ಮಾತೊಂದಿದೆ. ಒಂದೇ ಕೆಟ್ಟ ಜಾಗದಲ್ಲಿ ಕಟ್ಟಿದ ಎರಡು ಪ್ರಾಣಿಗಳಲ್ಲಿ ತೂಗುವುದು ಹೇಗೋ ಸುಧಾರಿಸಿಕೊಂಡಿರಬಹುದು, ಅಲುಗದೆ ನಿಂತದ್ದೇ ಹೆಚ್ಚು ಕುಸಿದಿರಬಹುದು. ಗಂಭೀರವೇದಿಯ ಬಗ್ಗೆ ನನಗಿದ್ದ ಸಂಶಯಕ್ಕೆ ಸಿಕ್ಕ ತುಣುಕು ಇದು. ಜಾತ್ರೆಯ ಗದ್ದಲದಲ್ಲಿ ಕಲ್ಲಿನಂತೆ ನಿಂತ ಆನೆಯನ್ನು ನಾವು 'ಪಾಪದ ಆನೆ' ಎಂದು ಹೊಗಳುತ್ತೇವೆ. ವೈಲೋಪ್ಪಿಳ್ಳಿಯವರ 'ಸಹ್ಯನ್ಡೆ ಮಗನ್' ಓದಿದವರಿಗೆ ಗೊತ್ತು. ಉತ್ಸವದ ಪಂದಗಳ ನಡುವೆ ನಿಂತ ಆ ಆನೆ ಮನಸ್ಸಿನಲ್ಲಿ ನಿಂತದ್ದು ಕಾಡಿನಲ್ಲಿ.

ಹಾಗಾಗಿ ಒಂದು ಗುರುತು ಸಾಲದು, ಒಂದು ನೋಟವೂ ಸಾಲದು. ಬ್ರಿಟನ್ನಿನ ಮೃಗಾಲಯಗಳ ಆನೆಗಳಿಗಾಗಿ 2019ರಲ್ಲಿ ಪ್ರಕಟವಾದ ಪಟ್ಟಿಯನ್ನು ತುಂಬುವವರು ಪಾಲಕರೇ, ಹಗಲೂ ರಾತ್ರಿಯೂ ನೋಡಿ. ರಾತ್ರಿ ಮಲಗಿತೇ, ಸಂಗಾತಿಯ ಹತ್ತಿರ ನಿಂತಿತೇ, ಎಷ್ಟು ಹೊತ್ತು ತೂಗಿತು. ಬೆಂಗಳೂರಿನ ಕ್ಯೂಪಾ ಮತ್ತು ಏಷ್ಯನ್ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಕರ್ನಾಟಕದ ಸಾಕಾನೆಗಳ ಸಮೀಕ್ಷೆ ನಡೆಸಿದಾಗ ನೆರಳು, ನೀರು, ಸರಪಣಿ, ಒಡನಾಟಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರು. ಮಾವುತನ ಸ್ಥಿತಿಗತಿಯನ್ನೂ ಅದೇ ವರದಿಯಲ್ಲಿ ಸೇರಿಸಿದರು. ಇದು ಬಹಳ ಸರಿ. ಹೈದರಾಬಾದಿನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲದ್ದಿಯಲ್ಲಿರುವ ಒತ್ತಡದ ಹಾರ್ಮೋನನ್ನು ಅಳೆದು ಆನೆಯ ಮೈಕಟ್ಟಿನೊಂದಿಗೆ ತಾಳೆ ನೋಡಿದರು. ಅದರಲ್ಲಿ ಮೈಸೂರು ದಸರಾದ ಆನೆಗಳೂ ಇದ್ದವು.

ದಸರಾ ಎಂದರೆ ಆನೆಯ ನಡವಳಿಕೆಯ ಪರೀಕ್ಷೆ ಸಾವಿರಾರು ಜನರ ಎದುರು ನಡೆಯುವ ಜಾಗ. ಕಾಡಿನ ಶಿಬಿರದಿಂದ ಬಂದ ಆನೆಗಳನ್ನು ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಾರೆ, ಪತ್ರಿಕೆಗಳಲ್ಲಿ ಕಿಲೋ ಸಹಿತ ಬರುತ್ತದೆ. ಮರಳಿನ ಮೂಟೆ ಹೊರಿಸಿ ನಡೆಸುತ್ತಾರೆ. ಕುಶಾಲತೋಪಿನ ತಾಲೀಮಿನಲ್ಲಿ ಫಿರಂಗಿ ಹಾರಿಸಿ ಯಾವುದು ಬೆಚ್ಚಿತು, ಯಾವುದು ಬೆಚ್ಚಲಿಲ್ಲ ಎಂದು ಗಮನಿಸುತ್ತಾರೆ. ಬೆಚ್ಚದ್ದಕ್ಕೆ ಏಳುನೂರೈವತ್ತು ಕಿಲೋದ ಚಿನ್ನದ ಅಂಬಾರಿ. ಹದಿನೆಂಟು ವರ್ಷ ಅಂಬಾರಿ ಹೊತ್ತ ದ್ರೋಣ 1998ರಲ್ಲಿ ಕಾಡಿನಲ್ಲಿ ವಿದ್ಯುತ್ ತಂತಿ ತಗಲಿ ಸತ್ತಿತು. ಎಂಟು ವರ್ಷ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಬದಿಯಲ್ಲಿ ಕಾಡಾನೆ ಹಿಡಿಯುವ ಕೆಲಸದ ನಡುವೆ ಕಾಡಾನೆಯ ತಿವಿತಕ್ಕೆ ಸತ್ತಿತು. 2022ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸಂಗತಿ. ದಸರಾಕ್ಕೆಂದು ಬಂದು, ತೂಗಿಸಿಕೊಂಡು, ತಾಲೀಮು ನಡೆದು ಅರಮನೆಯ ಆವರಣದಲ್ಲಿದ್ದ ಲಕ್ಷ್ಮಿ ಎಂಬ ಹೆಣ್ಣಾನೆ ಒಂದು ರಾತ್ರಿ ಮರಿ ಹಾಕಿತು! ಗಬ್ಬವಾಗಿದ್ದದ್ದು ಕರೆತಂದವರಿಗೆ ತಿಳಿದಿರಲಿಲ್ಲ. ಆನೆಯ ಗಬ್ಬ ಇಪ್ಪತ್ತು ತಿಂಗಳು ಮೀರುವಂಥದು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆನೆಯಲ್ಲಿ ಗಬ್ಬ ಹೊರಗೆ ಕಾಣುವುದು ಕಡಿಮೆ. ಆದರೆ ತೂಕ ನೋಡಿದವರು ನೋಡಿದ್ದು ತೂಕವನ್ನು.

ಕೇರಳದಲ್ಲಿ ಸಾಕಾನೆಗಳಿಗೆ 2003ರಲ್ಲಿ ನಿಯಮ ಬಂತು, 2012ರಲ್ಲಿ ಅದನ್ನು ಹೊಸತಾಗಿ ಮಾಡಿದರು. 2024ರ ನವೆಂಬರಿನಲ್ಲಿ ಹೈಕೋರ್ಟು ಎರಡು ಆನೆಗಳ ನಡುವೆ 3 ಮೀಟರ್ ಅಂತರ ಇರಬೇಕೆಂದು, ವಿಶ್ರಾಂತಿಗೆ ಹೊತ್ತು ಬೇಕೆಂದು ಹೇಳಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟಿನಿಂದ ತಡೆ. ಉತ್ಸವಕ್ಕೆ ಮೊದಲು ವೈದ್ಯರ ಸರ್ಟಿಫಿಕೇಟು ಬೇಕು ಎಂಬುದೇನೋ ಇದೆ. ಅದನ್ನು ನೋಡಿದಾಗ ನನಗೆ ನಮ್ಮ ಹಸುವಿನ ಫೈಲು ನೆನಪಾಗದಿರುವುದು ಹೇಗೆ? 2023ರಲ್ಲಿ ತೃಶ್ಶೂರಿನ ಇರಿಂಞಾಡಪ್ಪಿಳ್ಳಿ ದೇವಸ್ಥಾನಕ್ಕೆ ಯಂತ್ರದ ಆನೆ ಬಂತು. ಒಳ್ಳೆಯ ಯೋಚನೆ, ನನ್ನ ಮತ ಅದರ ಪರ. ಅದರ ತಲೆ, ಕಿವಿ, ಬಾಲಗಳು ಕರೆಂಟಿನಲ್ಲಿ ಆಡುತ್ತಲೇ ಇರುತ್ತವೆ. ಆನೆ ಎಂದರೆ ನಿಂತಲ್ಲಿ ಆಡುವುದು ಎಂದು ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆ ನೋಡಿ.

ಕಳೆದ ವರ್ಷ ಚಂದ್ರಗಿರಿ ದಾಟಿ ತೆಂಕಿಗೆ, ಹೆಂಡತಿಯ ಸಂಬಂಧಿಕರ ಊರಿನ ಉತ್ಸವಕ್ಕೆ ಹೋಗಿದ್ದೆ. ಮೂರು ಆನೆ. ಮೇಳ ಸುರುವಾಗಲು ಇನ್ನೂ ಹೊತ್ತಿತ್ತು. ಆಲದ ಕಟ್ಟೆಯಲ್ಲಿ ಕೂತು, ಓದಿದ್ದನ್ನು ಪ್ರಯೋಗಿಸೋಣವೆಂದು ಗಡಿಯಾರ ನೋಡಿ ನಡುವಿನ ಆನೆಯನ್ನು ಅರ್ಧ ಗಂಟೆ ಲೆಕ್ಕ ಹಾಕಿದೆ. ಅದರಲ್ಲಿ ಹತ್ತೊಂಬತ್ತು ನಿಮಿಷ ತೂಗಿತು. ಚೆಂಡೆಗೆ ಇನ್ನೂ ಕೋಲು ಬಿದ್ದಿರಲಿಲ್ಲ. ಹಾಗಾಗಿ ಮೇಳಕ್ಕೆ ತಲೆದೂಗುತ್ತದೆ ಎಂಬ ಮಾತಿಗೆ ಜಾಗವಿಲ್ಲ. ಎಡದ ಆನೆ ತೂಗಲೇ ಇಲ್ಲ. ಕಿವಿಯನ್ನೂ ಅಪರೂಪಕ್ಕೆ ಬೀಸಿತು. ಎರಡರಲ್ಲಿ ಯಾವುದರ ಪಾಡು ಹೆಚ್ಚು ಎಂದು ಅರ್ಧ ಗಂಟೆಯಲ್ಲಿ ಹೇಳುವಷ್ಟು ಬಲ್ಲವನಲ್ಲ ನಾನು.

ನೆನಪಾಗಿ ಎದ್ದು ಹೋಗಿ ಅದರ ಪಕ್ಕೆ ನೋಡಿದೆ. ರಾತ್ರಿ ಮಲಗಿ ಎದ್ದ ಆನೆಯ ಒಂದು ಮಗ್ಗುಲಿಗೆ ಮಣ್ಣೋ ಲದ್ದಿಯೋ ಅಂಟಿರುತ್ತದೆ, ಬೆಳಗ್ಗೆ ಅದನ್ನು ನೋಡುವುದು ಹಳೆಯ ಮಾವುತರ ಕ್ರಮ. ಎರಡು ಮಗ್ಗುಲೂ ಸ್ವಚ್ಛ. ಸ್ನಾನ ಮಾಡಿಸಿರಬಹುದಲ್ಲ ಎಂದು ಪಾಪಾನನ್ನೇ ಕೇಳಿದೆ. ಇಪ್ಪತ್ತೈದರ ಹುಡುಗ, ಕಣ್ಣು ಕೆಂಪು. "ಇಲ್ಲ ಸಾರ್, ಇನ್ನು ಮೀಸಬೇಕಷ್ಟೆ" ಎಂದು ಮಲಯಾಳದಲ್ಲಿ ಹೇಳಿದ. ಹಾಗಾದರೆ ನಿನ್ನೆ ರಾತ್ರಿ ಮಲಗಲಿಲ್ಲವೇ? ಮೊನ್ನೆ ಒಂದು ಉತ್ಸವ, ನಿನ್ನೆ ಒಂದು, ನಡುವೆ ಲಾರಿ, ಬೆಳಗಿನ ಜಾವ ಇಲ್ಲಿ ಇಳಿದದ್ದು. ಲಾರಿಯಲ್ಲಿ ಅವನು ಮಲಗುವುದಿಲ್ಲ, ಅವನು ನಿಂತಿದ್ದರೆ ನಾನೂ ಮಲಗುವುದಿಲ್ಲ ಎಂದ. ಅಷ್ಟರಲ್ಲಿ ಕಮಿಟಿಯವರೊಬ್ಬರು ನೆತ್ತಿಪಟ್ಟ ತಂದರು, ಅವನು ಎದ್ದು ಹೋದ.